ಮನೆಯ ಹೊಲಸು ನೀರು ಏರು ಹತ್ತಿದ ಕತೆ

ಗೋಕಾಕ ಫಾಲ್ಸಿನಲ್ಲಿ ಬೆಳೆದ ಮಕ್ಕಳಿಗೆ ನೀರು ತಗ್ಗಿಗೆ ಹರಿಯುತ್ತದೆ ಎಂಬುದನ್ನು ಯಾವ ಮಾಸ್ತರರೂ ಕಲಿಸಬೇಕಾಗಿರಲಿಲ್ಲ. ಘಟಪ್ರಭೆ ಬಂಡೆಯ ಅಂಚಿನಿಂದ 52 ಮೀಟರು, ಅಂದರೆ ಸುಮಾರು 170 ಅಡಿ, ಕೆಳಕ್ಕೆ ಧುಮುಕುವುದನ್ನು ಅವರು ದಿನಬೆಳಗಾದರೆ ಕಾಣುತ್ತಿದ್ದರು. ಆ ಬೀಳುವ ನೀರಿನ ಬಲವನ್ನೇ ನೆಚ್ಚಿ 1887ರಲ್ಲಿ ಅಲ್ಲಿಯ ನೂಲಿನ ಗಿರಣಿ ಆರಂಭವಾಯಿತು. ಕಮರಿಯ ತಳದಲ್ಲಿ ಟರ್ಬೈನುಗಳು, ಬಂಡೆಯ ಮೇಲೆ ಗಿರಣಿ. ತಳದಲ್ಲಿ ಹುಟ್ಟಿದ ಶಕ್ತಿ ಮೊದಮೊದಲು ಹಗ್ಗಗಳ ಮೂಲಕ, ಮುಂದೆ ವಿದ್ಯುತ್ತಾಗಿ ಮೇಲೇರಿ ಬರುತ್ತಿತ್ತು. ಈ ಸಂಗತಿಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳೇ ಹೇಳಬಲ್ಲರು.

ಇಂದು ಬರೆಯಹೊರಟಿರುವುದು ಇನ್ನೊಂದು ನೀರಿನ ಕುರಿತು. ಬಳಸಿ ಹೊಲಸಾಗಿ ಮನೆಯಿಂದ ಹೊರಬೀಳುವ ನೀರು ಅದು. ವಿಷಯ ಊಟದ ಹೊತ್ತಿಗೆ ಓದತಕ್ಕುದಲ್ಲ. ಆದುದರಿಂದ ಬಂಧುಗಳು ಊಟ ಮುಗಿಸಿಯೇ ಮುಂದುವರಿಯಬೇಕಾಗಿ ವಿನಂತಿ.

ಕಳೆದ ವರ್ಷ ಮಗಳ ಮನೆಯಲ್ಲಿ ಆರು ತಿಂಗಳು ಕಳೆದೆನಷ್ಟೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದಿಂದ ಒಂದು ಗಂಟೆಯ ದಾರಿಯಲ್ಲಿ, ಒಂದು ಸರೋವರದ ದಂಡೆಯಲ್ಲಿ ಅವರು ವಾಸವಾಗಿದ್ದಾರೆ. ಮನೆ ತಗ್ಗಿನಲ್ಲಿದೆ, ಊರಿನ ಒಳಚರಂಡಿಯ ಕೊಳವೆ ಮೇಲಿನ ರಸ್ತೆಯಲ್ಲಿದೆ. ಹೀಗಿರುವಾಗ ಹೊಲಸು ನೀರು ತಾನಾಗಿ ಏರು ಹತ್ತಿ ಹೋಗಲಾರದು. ಅದಕ್ಕಾಗಿ ಅಂಗಳದ ಹುಲ್ಲಿನ ನಡುವೆ ಒಂದು ತೊಟ್ಟಿಯನ್ನು ಹುಗಿದು, ಅದರೊಳಗೆ ಒಂದು ಯಂತ್ರವನ್ನು ಇಳಿಬಿಟ್ಟಿದ್ದಾರೆ. ಕಣ್ಣಿಗೆ ಕಾಣುವುದು ಹಸಿರು ಬಣ್ಣದ ಮುಚ್ಚಳವೊಂದೇ. ಈ ಯಂತ್ರಕ್ಕೆ ಗ್ರೈಂಡರ್ ಪಂಪು ಎಂದು ಹೆಸರು. ಒಮ್ಮೆ ಊರಿಗೆ ಫೋನು ಮಾಡಿದಾಗ “ಇಲ್ಲಿ ಗ್ರೈಂಡರ್ ಕೆಟ್ಟೈತಿ, ಗದ್ದಲದಾಗ ಅದೀವಿ” ಎಂದೆ. ಅತ್ತ ಕಡೆಯಿಂದ ನಮ್ಮ ವೈನಿ, “ಹಂಗಾರ ಇಡ್ಲಿ ಹಿಟ್ಟು ಎಲ್ಲಿ ರುಬ್ಬಸ್ತೀರಿ?” ಎಂದು ಕೇಳಿದರು. ಅವರಿಗೆ ವಿವರಿಸುವಷ್ಟರಲ್ಲಿ ಸಾಕುಬೇಕಾಯಿತು. ಆ ವಿವರಣೆಯನ್ನು ಕೇಳಿಸಿಕೊಂಡ ಒಂದಿಬ್ಬರು ಹಳೆಯ ವಿದ್ಯಾರ್ಥಿಗಳು ಬರೆದೇ ಬಿಡಿರೆಂದು ಒತ್ತಾಯಿಸಿದುದರಿಂದ ಈ ಲೇಖನ.

ಆದರೆ ನಾನು ಇತಿಹಾಸದ ಮಾಸ್ತರ. ಯಂತ್ರವನ್ನು ಹೇಳುವ ಮೊದಲು, ಯಂತ್ರಕ್ಕಿಂತ ಮುಂಚೆ ಆ ಕೆಲಸವನ್ನು ಯಾರು ಮಾಡುತ್ತಿದ್ದರೆಂಬುದನ್ನು ಹೇಳದೆ ಇರಲಾರೆ.

ನನ್ನ ಬಾಲ್ಯದಲ್ಲಿ, 1950ರ ದಶಕದ ಕೊನೆಯ ಭಾಗದಲ್ಲಿ, ಹಳ್ಳಿಗರು ಚರಿಗೆ ಹಿಡಿದು ಬಯಲ ಕಡೆಗೆ ಹೋಗುತ್ತಿದ್ದರು. ಗೋಕಾಕದ ಪೇಟೆಯಲ್ಲಿ ಒತ್ತೊತ್ತಾಗಿ ಮನೆ ಕಟ್ಟಿಕೊಂಡವರಿಗೆ ಬಯಲು ದೂರವಾಗಿತ್ತು. ಅಂಥ ಮನೆಗಳ ಹಿಂಬದಿಗೆ ಒಣ ಸಂಡಾಸಗಳಿದ್ದವು. ಎತ್ತರದ ಎರಡು ಕಲ್ಲು, ಅವುಗಳ ಕೆಳಗೆ ಒಂದು ಬುಟ್ಟಿ ಅಥವಾ ತಗಡಿನ ಡಬ್ಬಿ, ಡಬ್ಬಿಯನ್ನು ಹೊರಗೆಳೆಯಲು ಹಿಂದಿನ ಸಂದಿಗೆ ತೆರೆಯುವ ಒಂದು ಪುಟ್ಟ ಬಾಗಿಲು. ನಮ್ಮ ಮನೆಯೂ ಅದಕ್ಕೆ ಹೊರತಾಗಿರಲಿಲ್ಲ. ಮುಂಜಾನೆ ಒಬ್ಬ ಹೆಣ್ಣುಮಗಳು ಆ ಸಂದಿಯೊಳಗೆ ಬಂದು, ಡಬ್ಬಿಯನ್ನು ತನ್ನ ಬುಟ್ಟಿಗೆ ಬರಿದು ಮಾಡಿಕೊಂಡು, ಬೂದಿ ಚೆಲ್ಲಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಆಕೆಯನ್ನು ಹೆಸರು ಹಿಡಿದು ಕೂಗುವ ಪ್ರಸಂಗವೇ ಬರುತ್ತಿರಲಿಲ್ಲ. ತಗಡಿನ ಸದ್ದಿನಿಂದ ಆಕೆಯ ಬರವು ತಿಳಿಯುತ್ತಿತ್ತು. ಮಳೆಗಾಲದಲ್ಲಿ ಬುಟ್ಟಿಯಿಂದ ಸೋರಿದುದು ಆಕೆಯ ಹಣೆಯ ಮೇಲೆ ಇಳಿಯುತ್ತಿದ್ದುದನ್ನು ಮಾಳಿಗೆಯ ಕಿಟಕಿಯಿಂದ ಕಂಡಿದ್ದೇನೆ. ಅವ್ವ ಮೇಲಿನಿಂದಲೇ ರೊಟ್ಟಿಯನ್ನು ಇಳಿಬಿಡುತ್ತಿದ್ದಳು.

ಆ ಕಾಲದಲ್ಲಿ ಹೊಲಸನ್ನು ಎತ್ತುವ ಯಂತ್ರ ಜಗತ್ತಿನಲ್ಲಿ ಇರಲೇ ಇಲ್ಲವೇ? ಧಾರಾಳವಾಗಿ ಇತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆ ಬ್ರಿಟಿಷ್ ಪಾರ್ಲಿಮೆಂಟನ್ನೇ ಹೊಕ್ಕಿತು. ಆಗ ಬ್ಯಾಝಲ್‌ಜೆಟ್ ಎಂಬ ಇಂಜಿನಿಯರರು ಲಂಡನ್ನಿಗೆ ಒಳಚರಂಡಿಯನ್ನು ಕಟ್ಟಿದರು. ಊರಿನ ತಗ್ಗು ಭಾಗದ ಕೊಳಚೆಯನ್ನು ಮೇಲೆತ್ತಲು 1865ರಲ್ಲಿ ಕ್ರಾಸ್‌ನೆಸ್ ಎಂಬಲ್ಲಿ ಉಗಿ ಯಂತ್ರಗಳ ಪಂಪುಮನೆ ಆರಂಭವಾಯಿತು. ಮುಂದೆ ಐಸಾಕ್ ಶೋನ್ ಎಂಬಾತ ಒತ್ತಿದ ಗಾಳಿಯಿಂದ ಕೊಳಚೆಯನ್ನು ಮೇಲಕ್ಕೆ ಚಿಮ್ಮಿಸುವ ಉಪಕರಣವನ್ನು ರೂಪಿಸಿದ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಕಬ್ಬಿಣದ ಗುಂಡಿಯೊಂದು ತುಂಬುತ್ತಲೇ ಗಾಳಿಯು ಹೊಕ್ಕು ಅದನ್ನು ಬರಿದು ಮಾಡುತ್ತದೆ. ಅಂದಿನ ಬ್ರಿಟಿಷ್ ಇಂಡಿಯಾಕ್ಕೇ ಸೇರಿದ್ದ ರಂಗೂನು ಸಪಾಟು ನೆಲದ ಊರು. ಅಲ್ಲಿ ಶೋನನ ವ್ಯವಸ್ಥೆಯನ್ನು 1890ರ ಹೊತ್ತಿಗೆ ಅಳವಡಿಸಿದರು. ಗೋಕಾಕ ಫಾಲ್ಸಿನಲ್ಲಿ ಗಿರಣಿಯ ಚಕ್ರ ತಿರುಗತೊಡಗಿ ಆಗ ಮೂರು ವರ್ಷವಾಗಿತ್ತು.

ಹಾಗಿದ್ದರೂ ನಮ್ಮ ಪೇಟೆಗಳಲ್ಲಿ ಮುಂದೆ ಎಷ್ಟೋ ದಶಕಗಳ ಕಾಲ ಮನುಷ್ಯನ ತಲೆಯೇ ಪಂಪಾಗಿ ಉಳಿಯಿತು. ಬಡತನವೊಂದೇ ಇದಕ್ಕೆ ಕಾರಣವೆಂದು ನಾನು ಒಪ್ಪಲಾರೆ. ಕೊಳವೆಯಲ್ಲಿ ಹೊಲಸನ್ನು ಸಾಗಿಸಬೇಕಾದರೆ ಮೊದಲು ಮನೆಮನೆಗೆ ನಳದ ನೀರು ಬರಬೇಕು. ಅದು ಇರಲಿಲ್ಲವೆಂಬುದು ನಿಜ. ಆದರೆ ನಳ ಬಂದ ಮೇಲೆಯೂ ಸಂದಿಯ ಬಾಗಿಲುಗಳು ತೆರೆದೇ ಇದ್ದವು. ಒಂದು ಜಾತಿಯ ಜನರು ಹುಟ್ಟಿನಿಂದಲೇ ಈ ಕೆಲಸಕ್ಕೆ ಬಾಧ್ಯರೆಂದು ಊರು ನಂಬಿರುವಾಗ ಯಂತ್ರಕ್ಕೆ ಹಣ ತೆರುವವರು ಯಾರು?

1924ರ ಡಿಸೆಂಬರದಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಸ್ವಯಂಸೇವಕರೇ ಪಾಯಖಾನೆಗಳ ಶುಚಿಕಾರ್ಯವನ್ನು ವಹಿಸಿಕೊಂಡಿದ್ದರು. ಗಾಂಧೀಜಿಯವರು ಅಧ್ಯಕ್ಷರಾದ ಏಕೈಕ ಅಧಿವೇಶನ ಅದು. ನೀರಿಗಾಗಿ ತೋಡಿಸಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ‘ಕಾಂಗ್ರೆಸ್ ಬಾವಿ’ ಎಂದು ನೆನಪಿನಲ್ಲಿ ಉಳಿದಿದೆ. ಆ ಪಾಯಖಾನೆಗಳ ನೆನಪು ಉಳಿಯಲಿಲ್ಲ. ಅಧಿವೇಶನದ ಡೇರೆಗಳು ಕಿತ್ತ ಮೇಲೆ ಸುತ್ತಲಿನ ಪೇಟೆಗಳು ಹಳೆಯ ರೂಢಿಯಲ್ಲೇ ನಡೆದವು.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು ಬಿ. ಬಸವಲಿಂಗಪ್ಪನವರು. 1970ರ ದಶಕದ ಆದಿಯಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಅವರು ಸಚಿವರಾಗಿದ್ದಾಗ ಕೈಗೊಂಡ ಕ್ರಮವಿದು. ಕೇಂದ್ರದ ಕಾಯ್ದೆ ಬರಲು 1993ರವರೆಗೆ ಕಾಯಬೇಕಾಯಿತು. ಬಸವಲಿಂಗಪ್ಪನವರ ಹೆಸರನ್ನು ನಮ್ಮಲ್ಲಿ ‘ಬೂಸಾ’ ಪ್ರಕರಣಕ್ಕಾಗಿ ನೆನೆಯುವವರೇ ಹೆಚ್ಚು. ಈ ಕೆಲಸಕ್ಕಾಗಿ ನೆನೆಯುವವರು ಕಡಿಮೆ. ಇದು ನ್ಯಾಯವಲ್ಲ.

ನಿಷೇಧವಾದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈ ತಿಂಗಳಲ್ಲಿ ಭಂಗಿ ಸಮುದಾಯದ ಕೆಲವರು, ತಲೆಮಾರುಗಳಿಂದ ವಾಸವಾಗಿದ್ದ ನೆಲೆಯಿಂದ ತಮ್ಮನ್ನು ಎಬ್ಬಿಸುವುದನ್ನು ಪ್ರತಿಭಟಿಸಿ, ಎಲ್ಲರೆದುರು ಮೈಮೇಲೆ ಮಲವನ್ನು ಸುರಿದುಕೊಂಡರು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದ ದಿನ ನನಗೆ ನಮ್ಮ ಸಂದಿಯ ತಗಡಿನ ಸದ್ದು ಮತ್ತೆ ಕೇಳಿಸಿತು.

ಇನ್ನು ಗ್ರೈಂಡರ್ ಪಂಪಿನ ಕಡೆಗೆ ಬರೋಣ. ಅದರ ಮೂಲ ಒಬ್ಬ ಪ್ರಾಧ್ಯಾಪಕರ ಯೋಚನೆಯಲ್ಲಿದೆ ಎಂಬುದು ಮಾಸ್ತರನಾದ ನನಗೆ ಹಿಗ್ಗು ತಂದ ಸಂಗತಿ. ಅಮೆರಿಕದ ಹಳೆಯ ನಗರಗಳಲ್ಲಿ ಮಳೆಯ ನೀರೂ ಮನೆಯ ಕೊಳಚೆಯೂ ಒಂದೇ ಚರಂಡಿಯಲ್ಲಿ ಹರಿಯುತ್ತಿದ್ದವು. ಜೋರು ಮಳೆ ಬಂದರೆ ಎರಡೂ ಕೂಡಿ ನದಿಗೆ ನುಗ್ಗುತ್ತಿದ್ದವು. ಇವೆರಡನ್ನು ಬೇರ್ಪಡಿಸಲು ರಸ್ತೆಗಳನ್ನೆಲ್ಲ ಅಗೆಯುವುದು ಆಗದ ಮಾತು. ಹಾರ್ವರ್ಡ್ ವಿಶ್ವವಿದ್ಯಾಲಯದ ಗಾರ್ಡನ್ ಫೇರ್ ಅವರು ಒಂದು ಉಪಾಯವನ್ನು ಸೂಚಿಸಿದರು. ಮನೆಮನೆಯಲ್ಲೂ ಕೊಳಚೆಯನ್ನು ನುಣ್ಣಗೆ ಅರೆದು, ಹಳೆಯ ಚರಂಡಿಯ ಒಳಗೇ ತೂರಿಸಿದ ಸಣ್ಣ ಕೊಳವೆಯೊಳಕ್ಕೆ ಒತ್ತಡದಿಂದ ನೂಕಬೇಕು. ಅಮೆರಿಕದ ಸಿವಿಲ್ ಇಂಜಿನಿಯರರ ಸಂಘವು 1960ರ ದಶಕದಲ್ಲಿ ಈ ವಿಚಾರವನ್ನು ಎತ್ತಿಕೊಂಡು ಪರೀಕ್ಷಿಸಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಮೊದಲ ಮಾದರಿ ತಯಾರಾಯಿತು. ಅಲ್ಲಿಯ ಕೆಲವರು ಹೊರಬಂದು 1969ರಲ್ಲಿ ಸ್ಕೆನೆಕ್ಟಡಿ ಎಂಬ ಊರಿನಲ್ಲಿ ಎನ್‌ವಿರಾನ್‌ಮೆಂಟ್ ಒನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬಳಿಕ ಆಲ್ಬನಿಯ ಒಂದು ಸಾಲಿನ ಮನೆಗಳಲ್ಲಿ ಪಂಪುಗಳನ್ನು ಕೂಡಿಸಿ ವರ್ಷಕ್ಕೂ ಮಿಕ್ಕಿ ಪರೀಕ್ಷಿಸಿದರು. ಅದರ ವರದಿ 1972ರಲ್ಲಿ ಪ್ರಕಟವಾಯಿತು. ಸ್ಕೆನೆಕ್ಟಡಿಯೂ ಆಲ್ಬನಿಯೂ ಮಗಳ ಮನೆಗೆ ಹತ್ತಿರದ ಊರುಗಳೇ. ಈ ಯಂತ್ರದ ತವರಿಗೇ ಹೋಗಿ ಕುಳಿತಿದ್ದೇನೆಂಬುದು ಮೊದಲಿಗೆ ನನಗೆ ತಿಳಿದಿರಲಿಲ್ಲ.

ಮೊದಲ ಉದ್ದೇಶವಾಗಿದ್ದ ಹಳೆಯ ನಗರಗಳಿಗಿಂತ ಈ ಪಂಪು ಹೆಚ್ಚು ಒದಗಿದುದು ಸರೋವರದ ದಂಡೆಗಳಿಗೆ, ಗುಡ್ಡದ ಓರೆಗಳಿಗೆ ಮತ್ತು ಕಲ್ಲುನೆಲದ ಊರುಗಳಿಗೆ. ಸಾಮಾನ್ಯ ಒಳಚರಂಡಿಗೆ ದಾರಿಯುದ್ದಕ್ಕೂ ಒಂದೇ ಸಮನಾದ ಇಳಿಜಾರು ಬೇಕು. ಅದಕ್ಕಾಗಿ ಬಂಡೆಯನ್ನಾದರೂ ಒಡೆಯಲೇಬೇಕು. ಒತ್ತಡದ ಕೊಳವೆಗೆ ಆ ಹಂಗಿಲ್ಲ. ನೆಲ ಏರಿದಂತೆ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಅರೆದ ಕೊಳಚೆ ತೆಳುವಾದ ಗಂಜಿಯಂತಾಗುವುದರಿಂದ ಮನೆಯಿಂದ ಹೊರಡುವ ಕೊಳವೆ ಒಂದೂಕಾಲು ಅಂಗುಲದ್ದಿದ್ದರೆ ಸಾಕು. ನಮ್ಮ ತೋಟದ ನೀರಿನ ಪೈಪಿನ ಗಾತ್ರವೇ ಸರಿ.

ಮಗಳ ಮನೆಯ ತೊಟ್ಟಿ ಸುಮಾರು 260 ಲೀಟರು ಹಿಡಿಯುತ್ತದೆ. ಅಡಿಗೆಮನೆ, ಬಚ್ಚಲು, ಸಂಡಾಸಗಳ ನೀರೆಲ್ಲ ಅದಕ್ಕೇ ಬಂದು ಬೀಳುತ್ತದೆ. ನೀರು ಒಂದು ಮಟ್ಟಕ್ಕೆ ಏರಿದೊಡನೆ ಯಂತ್ರ ತಾನಾಗಿ ಓಡತೊಡಗುತ್ತದೆ. ಉಕ್ಕಿನ ಅಲಗುಳ್ಳ ಚಕ್ರ ಕೆಳಗಿನಿಂದ ಎಲ್ಲವನ್ನೂ ಸೆಳೆದುಕೊಂಡು ಅರೆಯುತ್ತದೆ. ಅದರ ಮೇಲಿನ ತಿರುಪಿನಂಥ ಪಂಪು ಅದನ್ನು ಏರಿಗೆ ನೂಕುತ್ತದೆ. ಒಂದು ಅಶ್ವಶಕ್ತಿಯ ಮೋಟಾರು. ದಿನದ ಓಟವನ್ನೆಲ್ಲ ಕೂಡಿಸಿದರೂ ಅರ್ಧ ಗಂಟೆಯಾಗದು. ನೂಕಿದ್ದು ತಿರುಗಿ ಬಾರದಂತೆ ಒಳಗೊಂದು ಕವಾಟವಿದೆ. ಗೋಡೆಯ ಮೇಲೆ ಒಂದು ಪೆಟ್ಟಿಗೆಯಿದ್ದು, ತೊಟ್ಟಿ ಮಿತಿ ಮೀರಿ ತುಂಬಿದರೆ ಅದರಲ್ಲಿ ಕೆಂಪು ದೀಪ ಹತ್ತಿ ಕರ್ಕಶವಾಗಿ ಕೂಗುತ್ತದೆ.

ಇದರ ಜೊತೆ ಬಾಳುವುದೆಂದರೆ ಒಂದು ವ್ರತ ಹಿಡಿದಂತೆ. ಯಂತ್ರ ಮಲವನ್ನು ಅರೆಯುತ್ತದೆ, ಕಾಗದವನ್ನು ಅರೆಯುತ್ತದೆ. ಆದರೆ ನಾರು ಮತ್ತು ಜಿಡ್ಡು ಅದಕ್ಕೆ ವೈರಿಗಳು. ನಮ್ಮವರ ಅಡಿಗೆಮನೆಯಲ್ಲಿ ಇವೆರಡಕ್ಕೂ ಬರವಿಲ್ಲ. ಒಗ್ಗರಣೆಯ ಎಣ್ಣೆ, ತುಪ್ಪ ಕಾಸಿದ ಪಾತ್ರೆಯ ತಳ, ಹುಣಸೆಯ ನಾರು, ತೆಂಗಿನ ಜುಟ್ಟು, ಪೂಜೆಯ ಹೂಮಾಲೆಯ ನೂಲು, ಎಣ್ಣೆಸ್ನಾನದ ದಿನ ಉದುರಿದ ಕೂದಲು. ಬಿಸಿಯಾಗಿದ್ದಾಗ ನೀರಿನಂತೆ ಹರಿಯುವ ಜಿಡ್ಡು ತೊಟ್ಟಿಯಲ್ಲಿ ತಣ್ಣಗಾಗಿ ಹೆಪ್ಪುಗಟ್ಟುತ್ತದೆ. ನೀರಿನ ಮಟ್ಟವನ್ನು ಅಳೆಯುವ ಭಾಗಕ್ಕೆ ಅದು ಮೆತ್ತಿಕೊಂಡರೆ ಯಂತ್ರಕ್ಕೆ ತೊಟ್ಟಿ ತುಂಬಿದುದೇ ತಿಳಿಯದು. ಆದುದರಿಂದ ಮಗಳು ಪಾತ್ರೆಗಳ ಜಿಡ್ಡನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿದ ಮೇಲೆಯೇ ತೊಳೆಯಬೇಕೆಂಬ ನಿಯಮ ಮಾಡಿದ್ದಾಳೆ. ಹಳೆಯ ಎಣ್ಣೆಗೆ ಬೇರೆ ಡಬ್ಬಿ. ಬಚ್ಚಲ ತೂಬಿಗೆ ಜಾಲರಿ. ಮಾಳಿಗೆಯ ಮಳೆನೀರನ್ನು ಈ ತೊಟ್ಟಿಗೆ ಬಿಡುವಂತಿಲ್ಲ. ಮನೆಗೆ ಬೀಗ ಹಾಕಿ ಹಲವು ದಿನ ಊರಿಗೆ ಹೋಗುವುದಾದರೆ, ಹೊರಡುವ ಮುನ್ನ ಶುದ್ಧ ನೀರನ್ನು ಬಿಟ್ಟು ಯಂತ್ರವನ್ನು ಒಮ್ಮೆ ಓಡಿಸಬೇಕು. ಇಲ್ಲವಾದರೆ ನಿಂತ ಕೊಳಚೆ ನಾರುತ್ತದೆ.

ಕರೆಂಟು ಹೋದಾಗಲೇ ನಿಜವಾದ ಪರೀಕ್ಷೆ. ಹಿಮ ಬಿದ್ದ ಒಂದು ರಾತ್ರಿ ತಂತಿಗಳು ಹರಿದು ಒಂಬತ್ತು ತಾಸು ಕತ್ತಲೆ. ನಳದಲ್ಲಿ ನೀರು ಬರುತ್ತಿತ್ತು, ಆದರೆ ಬಳಸುವಂತಿರಲಿಲ್ಲ. ಬಳಸಿದುದೆಲ್ಲ ತೊಟ್ಟಿಯಲ್ಲಿ ಕೂಡಿ ಕಡೆಗೆ ಬಚ್ಚಲಿನಿಂದಲೇ ಮೇಲೆ ಬಂದೀತು. ಮೊಮ್ಮಕ್ಕಳಿಗೆ ಇದು ಮಹಾ ಸಂಕಟ. ನನಗೋ ಒಂದು ತಂಬಿಗೆ ನೀರಿನಲ್ಲಿ ಮುಖ ಕೈಕಾಲು ಮುಗಿಸುವ ವಿದ್ಯೆ ಕೈಗತವಾಗಿತ್ತು. “ಅಜ್ಜಾ, ನಿಮ್ಮೂರಾಗ ದಿನಾ ಹಿಂಗ ಇತ್ತೇನು?” ಎಂದು ಮೊಮ್ಮಗ ಕೇಳಿದ. ಕರೆಂಟು ಬಂದ ಮೇಲೂ ನೀರನ್ನು ಕೂಡಲೇ ಸುರಿಯಬಾರದು. ಓಣಿಯ ಎಲ್ಲ ಮನೆಗಳ ಪಂಪುಗಳು ಒಮ್ಮೆಲೇ ಓಡತೊಡಗಿ ಕೊಳವೆಯಲ್ಲಿ ಒತ್ತಡ ಏರಿರುತ್ತದೆ.

ಮೇಲೆ ಹೇಳಿದ ಗದ್ದಲ ನಡೆದುದು ಗಣೇಶ ಚೌತಿಯ ದಿನ. ಹದಿನೈದಿಪ್ಪತ್ತು ಜನ ಅತಿಥಿಗಳು. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಗೋಡೆಯ ಪೆಟ್ಟಿಗೆ ಕೂಗಿತು. ಜಾಗಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅಳಿಯ ಗುಂಡಿಯೊತ್ತಿ ಸದ್ದನ್ನು ನಿಲ್ಲಿಸಿ, ನೀರು ಬಳಸಬೇಡಿರೆಂದು ಎಲ್ಲರಿಗೂ ಸಾರಿ, ರಿಪೇರಿಯವರಿಗೆ ಫೋನು ಮಾಡಿದರು. ಮಧ್ಯವಯಸ್ಸಿನ ಒಬ್ಬಾತ ತನ್ನ ಗಾಡಿಯಲ್ಲಿ ಬಂದ. ಮೊಳಕೈವರೆಗೆ ಕೈಚೀಲ ತೊಟ್ಟು, ಕರೆಂಟು ತೆಗೆದು, ಮುಚ್ಚಳ ಬಿಚ್ಚಿ, ಯಂತ್ರವನ್ನು ಹಗ್ಗದಿಂದ ಮೇಲೆಳೆದ. ಅಲಗಿನ ಚಕ್ರಕ್ಕೆ ಕೂಸುಗಳನ್ನು ಒರೆಸುವ ಒದ್ದೆ ಬಟ್ಟೆಗಳು ಹುರಿಯಂತೆ ಸುತ್ತಿಕೊಂಡಿದ್ದವು. ಸಂಡಾಸಕ್ಕೆ ಹಾಕಬಹುದೆಂದು ಅವುಗಳ ಪೊಟ್ಟಣದ ಮೇಲೆಯೇ ಅಚ್ಚು ಹಾಕಿರುತ್ತಾರೆ. ಯಾರೋ ತಾಯಿ ಅದನ್ನು ನಂಬಿರಬೇಕು. ಮೋಟಾರು ಸುಟ್ಟಿರಲಿಲ್ಲವಾದ್ದರಿಂದ ಕೆಲವು ಸಾವಿರ ಡಾಲರು ಉಳಿಯಿತು.

ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೊನೆಯವರೆಗೂ ನೋಡಿದೆ. ನನ್ನ ಗಮನಕ್ಕೆ ಬಂದುದು ಒಂದೇ: ಆತನ ದೇಹದ ಯಾವ ಭಾಗವೂ ತೊಟ್ಟಿಯ ಬಾಯಿಯಿಂದ ಕೆಳಗೆ ಇಳಿಯಲಿಲ್ಲ. ಯಂತ್ರವನ್ನೇ ಮೇಲಕ್ಕೆ ತರುವಂತೆ ಅದನ್ನು ರೂಪಿಸಿದ್ದಾರೆ. ಕೆಲಸ ಮುಗಿಸಿ ಕೈ ತೊಳೆದು ಆತ ಮೋದಕ ತಿಂದ, ಚಹಾ ಕುಡಿದ. ನಿಮ್ಮ ಊರಿನಲ್ಲಿ ಈ ಕೆಲಸಕ್ಕೆ ಯಾರು ಬರುತ್ತಾರೆ ಎಂದು ನನ್ನನ್ನು ಕೇಳಿದ. ನಾನು ಹಿಂದಿನ ಸಂದಿಯ ಕತೆಯನ್ನು ಹೇಳಿದೆ. ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು. ಆಕೆಗೆ ಕೈಚೀಲವಿತ್ತೇ ಎಂದು ಕೇಳಿದ. ಇರಲಿಲ್ಲವೆಂದೆ.

ಇಂಥ ಪಂಪನ್ನು ನಮ್ಮ ಕಡೆ ಕೂಡಿಸಬಹುದೇ ಎಂದು ಕೆಲವರು ಕೇಳಿದ್ದಾರೆ. ಗೋಕಾಕ ಫಾಲ್ಸಿನಂಥ ಬಂಡೆಯ ನೆಲಕ್ಕೆ ಒಪ್ಪುವಂಥದೇ ಹೌದು. ಆದರೆ ಪಂಪು ನೂಕಿದುದನ್ನು ಬರಮಾಡಿಕೊಳ್ಳಲು ರಸ್ತೆಯಲ್ಲಿ ಕೊಳವೆ ಇರಬೇಕು, ಕೊಳವೆಯ ತುದಿಯಲ್ಲಿ ಶುದ್ಧೀಕರಣದ ವ್ಯವಸ್ಥೆ ಇರಬೇಕು, ಕೆಟ್ಟ ದಿನವೇ ಬಂದು ಯಂತ್ರವನ್ನು ಎತ್ತುವವನಿರಬೇಕು. ಇವಿಲ್ಲದ ಕಡೆ ಒಬ್ಬರೇ ತಂದು ಕೂಡಿಸಿದರೆ ನೆರೆಯವರ ಗಟಾರಕ್ಕೆ ನೂಕಿದಂತಾದೀತು. 2019ರ ಆಗಸ್ಟದಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ತಗ್ಗಿನ ಓಣಿಗಳು ಮುಳುಗಿದುದನ್ನು ನೀವೆಲ್ಲ ಕಂಡಿದ್ದೀರಿ. ಅಂಥ ನೆರೆಯಲ್ಲಿ ಕರೆಂಟನ್ನೇ ತೆಗೆಯಬೇಕಾಗುತ್ತದೆ. ಆಗ ಯಾವ ಪಂಪೂ ನಡೆಯದು.

ಸದ್ಯಕ್ಕೆ ನಮ್ಮ ಬಂಧುಗಳ ಮನೆಗಳಲ್ಲಿರುವುದು ಸೆಪ್ಟಿಕ್ ಟ್ಯಾಂಕು. ಅದಕ್ಕೂ ಆ ರಿಪೇರಿಯವನ ಪದ್ಧತಿ ಅನ್ವಯಿಸುತ್ತದೆ: ಮನುಷ್ಯ ಒಳಗೆ ಇಳಿಯಕೂಡದು. ಟ್ಯಾಂಕಿನಲ್ಲಿ ಕೂಡಿಕೊಳ್ಳುವ ವಿಷಗಾಳಿ ಇಳಿದವನನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಅವನನ್ನು ಎತ್ತಲು ಇಳಿದ ಎರಡನೆಯವನನ್ನೂ ಬಿಡುವುದಿಲ್ಲ. ರಕ್ಷಣೆಯಿಲ್ಲದೆ ಹೀಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಗಾಡಿಯನ್ನು ಕರೆಸಿ, ಮೇಲಿನಿಂದಲೇ ಪೈಪು ಬಿಡಿಸಿ ತೆಗೆಸುವುದೇ ಸರಿಯಾದ ದಾರಿ. ಅದಕ್ಕೆ ಟ್ಯಾಂಕಿನ ಮುಚ್ಚಳ ಕೈಗೆ ಸಿಗುವಂತಿರಬೇಕು. ನಮ್ಮವರು ಅದರ ಮೇಲೆ ಫರಸಿ ಹಾಸಿ, ತುಳಸಿಕಟ್ಟೆ ಕಟ್ಟಿ, ಎಲ್ಲಿದೆಯೆಂಬುದನ್ನೇ ಮರೆಯುತ್ತಾರೆ.

ಮೂಡಲಗಿಯಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ನನ್ನ ಸೋದರಳಿಯನಿಗೆ ಈ ವಿಚಾರವನ್ನೆಲ್ಲ ಪತ್ರ ಬರೆದು ತಿಳಿಸಿದ್ದೆ. ಟ್ಯಾಂಕಿನ ಎರಡೂ ಮುಚ್ಚಳಗಳನ್ನು ಗೇಟಿನ ಪಕ್ಕಕ್ಕೆ, ಗಾಡಿ ನಿಲ್ಲುವ ಕಡೆಗೆ ತಂದಿದ್ದಾನೆ. ವಾಸ್ತು ನೋಡುವವರು ಆ ದಿಕ್ಕನ್ನು ಒಪ್ಪಲಿಲ್ಲವಂತೆ. “ಮಾಮಾ, ಹೀರೋ ಗಾಡಿ ಡ್ರೈವರ್ ಒಪ್ಯಾನ, ಸಾಕು ಬಿಡ್ರಿ” ಎಂದು ಫೋನಿನಲ್ಲಿ ಹೇಳಿದ.